ಮಟ್ಮಾಟಾದ ಗುಂಡಿಮನೆ, ಶೆನಿನಿಯ ಗುಡ್ಡದ ಮನೆ

ದಕ್ಷಿಣ ಟ್ಯುನೀಷಿಯಾದಲ್ಲಿ ಅಮಾಜಿಗ್ (ಬರ್ಬರ್) ಜನರ ಎರಡು ಬಗೆಯ ಗುಹೆಮನೆಗಳಲ್ಲಿ ಅಮ್ಮನ ಜೊತೆ ಒಂದೊಂದು ರಾತ್ರಿ ಉಳಿದೆ. ಒಂದಕ್ಕೇ ಸಮಯವಿದ್ದರೆ ಮಟ್ಮಾಟಾಕ್ಕೆ ಹೋಗಿ.

ಅಲ್ಲಿ ದೂರದಿಂದ ಊರೇ ಕಾಣುವುದಿಲ್ಲ. ಮೆತ್ತನೆಯ ಮಣ್ಣಿನಲ್ಲಿ ಬಾವಿಯಂಥ ದೊಡ್ಡ ಗುಂಡಿ. ಅದರ ತಳವೇ ಅಂಗಳ, ಸುತ್ತಲಿನ ಗೋಡೆಯೊಳಗೆ ಕೋಣೆಗಳು. ಪಕ್ಕದ ಇಳಿಜಾರಿನ ಸುರಂಗದಿಂದ ಒಳಗೆ ಹೋಗಬೇಕು. ಮೇಲಿನ ಸಾಲಿನ ಕೋಣೆಗಳು ಕಾಳಿಗೆ. ಗುಂಡಿಯ ಹೊರಗೆ, ಮೇಲಿನ ನೆಲದಲ್ಲಿರುವ ತೂತಿನಿಂದ ಸುರಿದರೆ ನೇರ ಕೋಣೆಗೇ ಬೀಳುತ್ತದೆ. ಅಮ್ಮ ನೋಡಿದ್ದೇ ತಡ, "ನಮ್ಮ ಹಗೇವಿನ್ಹಂಗ ಐತಲ್ಲೋ" ಅಂದಳು. ಮನೆಯಾಕೆ ಬೀಸುಕಲ್ಲು ತಿರುಗಿಸಿ ತೋರಿಸುತ್ತಿದ್ದಾಗ ಅಮ್ಮ ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಆದರೂ ಬೀಸುವ ಲಯ ತಪ್ಪಲಿಲ್ಲ. ಆಮೇಲೆ ಬಿಸಿ ರೊಟ್ಟಿ, ಆಲಿವ್ ಎಣ್ಣೆ, ಜೇನು, ಚಹಾ. ಮೇಲೆ ಉರಿಬಿಸಿಲು, ಕೆಳಗೆ ಸುಣ್ಣ ಬಳಿದ ಕೋಣೆ ತಂಪು.

ಅಗೆಯಲು ಸುಲಭವಾದ ಆ ಮಣ್ಣು ನೀರಿಗೆ ಅಷ್ಟೇ ಸುಲಭವಾಗಿ ಕರಗುತ್ತದೆ. 1960ರ ದಶಕದ ಕೊನೆಯ ಮಳೆಗೆ ಎಷ್ಟೋ ಮನೆಗಳು ಕುಸಿದವು, ಬಹಳ ಜನ ಹೊಸ ಮಟ್ಮಾಟಾ ಎಂಬ ಬೇರೆ ಊರಿಗೆ ಹೋದರು. ಈಗಲೂ ಒಲೆ ಹಚ್ಚುವ ಮನೆಗಳು ಕಮ್ಮಿ. ಬೇಗ ಹೋಗಿ ನೋಡಬೇಕು ಅಂತ ನನಗೆ ಅನಿಸುವುದು ಇದಕ್ಕೇ.

ಶೆನಿನಿ ತತಾವಿನ್ ಪಟ್ಟಣದ ಹತ್ತಿರ. ಇಲ್ಲಿ ಕೆಳಗೆ ಅಗೆದಿಲ್ಲ, ಗುಡ್ಡದ ಹೊಟ್ಟೆಗೆ ಅಡ್ಡ ಕೊರೆದಿದ್ದಾರೆ. ಗಟ್ಟಿ ಕಲ್ಲಿನ ಪದರಗಳ ನಡುವಿನ ಮೆತ್ತನೆಯ ಪದರ ತೆಗೆದರೆ ಮೇಲಿನ ಕಲ್ಲೇ ಚಾವಣಿ. ಗುಡ್ಡದ ತುದಿಯಲ್ಲಿ ಪಾಳುಬಿದ್ದ ಕಣಜಕೋಟೆ, ಕೆಳಗೆ ಬಿಳಿ ಮಸೀದಿ, ಒಂದು ಗುಹೆಯಲ್ಲಿ ಹಳೆಯ ಎಣ್ಣೆಗಾಣ. ಸಂಜೆಯ ನೋಟಕ್ಕೆ ಮಟ್ಮಾಟಾ ಇದರ ಹತ್ತಿರಕ್ಕೂ ಬಾರದು. ಆದರೆ ಏರು ಕಡಿದು. ಅಮ್ಮ ಮೊಣಕಾಲು ನೋವಿನಿಂದ ಅರ್ಧದಲ್ಲೇ ಕೂತಳು. ನಾವು ಉಳಿದದ್ದು ಪ್ರವಾಸಿಗರಿಗೆಂದು ಸಜ್ಜುಗೊಳಿಸಿದ ಗುಹೆ. ಹಾಸಿಗೆ ಚೆನ್ನಾಗಿತ್ತು, ಆದರೆ ಮನೆಯಾಕೆ ಇರಲಿಲ್ಲ, ಬೀಸುಕಲ್ಲೂ ಇರಲಿಲ್ಲ.

ಮಟ್ಮಾಟಾಕ್ಕೆ ಗಾಬೆಸ್ ಪಟ್ಟಣದಿಂದ ಲುವಾಜ್ ಎಂಬ ಹಂಚಿಕೆ ವ್ಯಾನ್ ಹಿಡಿದು ಹೊಸ ಮಟ್ಮಾಟಾದಲ್ಲಿ ಬದಲಿಸಿಕೊಳ್ಳಿ. ಶೆನಿನಿಗೆ ತತಾವಿನ್‌ನಲ್ಲಿ ಟ್ಯಾಕ್ಸಿ ಮಾಡಿ, ಕಾಯುವ ಹೊತ್ತಿಗೂ ಸೇರಿಸಿ ಮೊದಲೇ ಬಾಡಿಗೆ ಮಾತಾಡಿ. ಗುಂಡಿಮನೆ ನೋಡಿದ್ದಕ್ಕೆ ಕೊಡುವ ಹಣವನ್ನು ಗೈಡ್ ಕೈಗಲ್ಲ, ಮನೆಯಾಕೆಯ ಕೈಗೇ ಕೊಡಿ.