ಚಾರ್ಲ್ಸ್‌ಟನ್‌ಗೆ ಹೋಗುವವರೇ, ಮಳೆ ಅಲ್ಲ, ಸಮುದ್ರದ ಭರತ (ಉಬ್ಬರ) ನೋಡಿಕೊಂಡು ಹೋಗಿ

ಅಕ್ಟೋಬರ್, ನವೆಂಬರ್‌ನಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನೋಡಲು ಹೊರಟವರು ದಯವಿಟ್ಟು ಇದನ್ನು ಓದಿ. ಒಂದು ಹನಿ ಮಳೆಯಿಲ್ಲದ ದಿನ, ನಿಲ್ಲಿಸಿದ್ದ ಜಾಗದಲ್ಲೇ, ನಮ್ಮ ಕಾರಿನೊಳಗೆ ಸಮುದ್ರದ ನೀರು ನುಗ್ಗಿತು. ಕಾರು ಹೋಯಿತು. ವಿಮೆಯ ದುಡ್ಡೂ ಸಿಗಲಿಲ್ಲ.

ನಾವಿರುವುದು ಷಾರ್ಲೆಟ್‌ನಲ್ಲಿ. ಕುಮಟಾದಿಂದ ಅಪ್ಪ, ಅಮ್ಮ ಬಂದಿದ್ದರು. ಸಮುದ್ರದ ಊರು ತೋರಿಸೋಣ ಅಂತ ಕರೆದುಕೊಂಡು ಹೋದೆವು. ಹೊರಡುವ ಮುಂಚೆ ಮೂರು ಸಲ ಹವಾಮಾನ ನೋಡಿದ್ದೆ. ಪೂರ್ತಿ ಬಿಸಿಲು. ಶನಿವಾರ ಬೆಳಿಗ್ಗೆ ಎಂಟಕ್ಕೆ ಸಿಟಿ ಮಾರ್ಕೆಟ್ ಹತ್ತಿರದ ಬಯಲು ಪಾರ್ಕಿಂಗ್‌ನಲ್ಲಿ ದುಡ್ಡು ಕಟ್ಟಿ ಕಾರು ನಿಲ್ಲಿಸಿದೆವು. ಅಲ್ಲಿ ಎಚ್ಚರಿಕೆಯ ಒಂದು ಫಲಕವೂ ಇರಲಿಲ್ಲ, ಯಾರೂ ಏನೂ ಹೇಳಲಿಲ್ಲ. ಈಸ್ಟ್ ಬೇ ಬೀದಿಯ ಬಣ್ಣಬಣ್ಣದ ಹದಿಮೂರು ಮನೆಗಳನ್ನು ನೋಡಿಕೊಂಡು, ನೀರಿನಂಚಿನಲ್ಲಿರುವ 'ಬ್ಯಾಟರಿ' ಎಂಬ ಜಾಗದ ತನಕ ನಡೆದು, ಹತ್ತೂವರೆಗೆ ವಾಪಸ್ ಬಂದರೆ ರಸ್ತೆಯೇ ಕಾಣುತ್ತಿಲ್ಲ. ಚರಂಡಿಯ ಜಾಲರಿಯಿಂದ ನೀರು ಮೇಲಕ್ಕೆ ಉಕ್ಕುತ್ತಿತ್ತು. ಅಪ್ಪ ಬಗ್ಗಿ ಬೆರಳದ್ದಿ ಮೂಸಿ ನೋಡಿ, "ಇದು ಭರತದ ನೀರು ಮಾರಾಯಾ, ಮೊನ್ನೆ ಹುಣ್ಣಿಮೆ ಆಯ್ತಲ್ಲ" ಅಂದರು. ನಮ್ಮ ಕಾರಿನಲ್ಲಿ ಸೀಟಿನ ಕೆಳಗಿನ ಕಾರ್ಪೆಟ್ ಆಗಲೇ ತೇಲುತ್ತಿತ್ತು.

ಆಮೇಲೆ ಓದಿ ತಿಳಿದುಕೊಂಡೆ. ಹಳೇ ಚಾರ್ಲ್ಸ್‌ಟನ್ ಇರುವುದು ಆಶ್ಲಿ, ಕೂಪರ್ ಎಂಬ ಎರಡು ನದಿಗಳ ನಡುವಿನ ನಾಲಿಗೆಯಂಥ ನೆಲದ ಮೇಲೆ. ಅದರಲ್ಲಿ ಎಷ್ಟೋ ಭಾಗ ಹಿಂದೆ ಹಳ್ಳ, ಜೌಗು ಆಗಿತ್ತು, ಅದನ್ನು ತುಂಬಿಸಿ ಊರು ಕಟ್ಟಿದರು. ಮಾರ್ಕೆಟ್ ಬೀದಿ ಕೂಡ ಹಾಗೆ ತುಂಬಿಸಿದ ಹಳ್ಳವೇ. ಮಳೆನೀರು ಹೋಗಲು ಹಾಕಿದ ಕೊಳವೆಗಳ ಬಾಯಿ ಬಂದರಿನ ಕಡೆಗಿದೆ, ಅಲ್ಲಿ ಸಮುದ್ರ ಏರಿದರೆ ಅದೇ ಕೊಳವೆಯಲ್ಲಿ ನೀರು ಹಿಂದಕ್ಕೆ ಬಂದು ರಸ್ತೆ ತುಂಬುತ್ತದೆ. ಮೋಡ ಬೇಕಿಲ್ಲ, ಗುಡುಗು ಬೇಕಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಜಾಸ್ತಿ, ಅದರಲ್ಲೂ ಅಕ್ಟೋಬರ್, ನವೆಂಬರ್‌ನಲ್ಲಿ, ಈಶಾನ್ಯದ ಗಾಳಿ ಸೇರಿಕೊಂಡರಂತೂ ಇನ್ನೂ ಜಾಸ್ತಿ. 1921ರಿಂದ ಅಲ್ಲಿ ಸಮುದ್ರದ ಮಟ್ಟ ಅಳೆಯುತ್ತಿದ್ದಾರೆ, ಅಷ್ಟರಲ್ಲಿ ಒಂದು ಅಡಿಯಷ್ಟು ಏರಿದೆ. ಅಂದರೆ ಮೊದಲು ಯಾವಾಗಲೋ ಒಮ್ಮೆ ಬರುತ್ತಿದ್ದ ನೀರು ಈಗ ಮತ್ತೆ ಮತ್ತೆ ಬರುತ್ತಿದೆ.

ಹಾಗಾಗಿ ಹೋಗುವ ಮುಂಚೆ ಅಮೆರಿಕದ ಸಮುದ್ರ, ಹವಾಮಾನ ಸಂಸ್ಥೆ ನೋವಾದ (NOAA) ಭರತ-ಇಳಿತದ ಪಟ್ಟಿಯಲ್ಲಿ 'ಚಾರ್ಲ್ಸ್‌ಟನ್, ಕೂಪರ್ ರಿವರ್ ಎಂಟ್ರನ್ಸ್' ಹುಡುಕಿ. 7 ಅಡಿ ಅಂತ ಇದ್ದರೆ ತಗ್ಗಿನ ರಸ್ತೆಗೆ ನೀರು ಬರಲು ಶುರು. 7.5 ದಾಟಿದರೆ ಹಲವು ರಸ್ತೆ ಮುಚ್ಚುತ್ತವೆ. 8 ಅಡಿ ದೊಡ್ಡ ನೆರೆ. ಪಟ್ಟಿಯಲ್ಲಿ ಇರುವುದು ಅಂದಾಜು ಮಾತ್ರ, ಗಾಳಿಯಿದ್ದರೆ ಅದಕ್ಕಿಂತ ಮೇಲೆ ಹೋಗುತ್ತದೆ, ಆದ್ದರಿಂದ ಅವತ್ತಿನ ಹವಾಮಾನ ಇಲಾಖೆಯ ಕರಾವಳಿ ನೆರೆ ಎಚ್ಚರಿಕೆಯನ್ನೂ ನೋಡಿ. ನಾನು ಮಳೆಯ ಮುನ್ಸೂಚನೆಯಷ್ಟೇ ನೋಡಿದ್ದೆ. ಕಾರನ್ನು ಬಹುಮಹಡಿ ಪಾರ್ಕಿಂಗ್‌ನ ಮೇಲಿನ ಮಹಡಿಯಲ್ಲೇ ಬಿಡಿ. ನಾಲ್ಕು ಡಾಲರ್ ಜಾಸ್ತಿ ಆದರೂ ಆಗಲಿ.

ಅಕಸ್ಮಾತ್ ನೀರು ಒಳಗೆ ಹೋದರೆ ಕೀ ತಿರುಗಿಸಬೇಡಿ! ನಾನು ಗಾಬರಿಯಲ್ಲಿ ತಿರುಗಿಸಿದೆ, ಒಂದು ಸಲ ಕೆಮ್ಮಿ ನಿಂತುಹೋಯಿತು. ಉಪ್ಪುನೀರು ವೈರು, ಕನೆಕ್ಟರ್‌ಗಳನ್ನು ತಿಂದುಹಾಕುತ್ತದೆ, ಒಣಗಿದ ಮೇಲೂ ತಿನ್ನುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಕಾರಾದರೆ ಬ್ಯಾಟರಿಗೆ ದಿನಗಳ ನಂತರವೂ ಬೆಂಕಿ ಹತ್ತಬಹುದು, ಮನೆಯ ಗ್ಯಾರೇಜಿಗೆ ತರಲೇಬೇಡಿ. ಮಕ್ಕಳನ್ನು ಆ ನೀರಿನಲ್ಲಿ ಆಡಲು ಬಿಡಬೇಡಿ, ಚರಂಡಿಯ ಕೊಳೆಯೆಲ್ಲ ಅದರಲ್ಲಿ ಇರುತ್ತದೆ.

ಇನ್ನು ವಿಮೆ. ಕಾರು ಹಳೆಯದಾಯಿತು ಅಂತ ಹೋದ ವರ್ಷ ಕಾಂಪ್ರಹೆನ್ಸಿವ್ ಭಾಗ, ಅಂದರೆ ಡಿಕ್ಕಿಯಲ್ಲದ ಬೇರೆ ಹಾನಿಗೆ ಸಿಗುವ ವಿಮೆ, ತೆಗೆಸಿಬಿಟ್ಟಿದ್ದೆ. ನೆರೆ ಬರುವುದು ಕಾಂಪ್ರಹೆನ್ಸಿವ್‌ನ ಒಳಗೆ, ಡಿಕ್ಕಿಯ ವಿಮೆಯಾದ ಕೊಲಿಷನ್‌ನಲ್ಲಿ ಅಲ್ಲ. ಹೊರಡುವ ಮುಂಚೆ ಈ ಒಂದು ಸಾಲು ನಿಮ್ಮ ಪಾಲಿಸಿಯಲ್ಲಿ ಇದೆಯಾ ಅಂತ ನೋಡಿ, ಬಾಡಿಗೆ ಕಾರಾದರೂ ಕೇಳಿ ಬರೆಸಿಕೊಳ್ಳಿ.

ಅವತ್ತು ಟೋಯಿಂಗ್‌ಗೆ ಕಾದು ಕಾದು ಫೋರ್ಟ್ ಸಮ್ಟರ್‌ನ ದೋಣಿ ತಪ್ಪಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧದ ಮೊದಲ ಗುಂಡು ಹಾರಿದ್ದು ಆ ಕೋಟೆಯ ಮೇಲೆ. ಅಪ್ಪನಿಗೆ ಅದನ್ನು ನೋಡುವ ಆಸೆ ಬಹಳ ಇತ್ತು, ಮತ್ತೆ ಬರುತ್ತಾರೋ ಇಲ್ಲವೋ. ಭಾನುವಾರ ಮಧ್ಯಾಹ್ನ, ನೀರು ಇಳಿದ ಮೇಲೆ, ಗ್ಯಾಡ್ಸ್‌ಡೆನ್ಸ್ ವಾರ್ಫ್‌ಗೆ ನಡೆದೇ ಹೋದೆವು. ಆಫ್ರಿಕಾದಿಂದ ಹಿಡಿದು ತಂದ ಸಾವಿರಾರು ಜನರನ್ನು ಹಡಗಿನಿಂದ ಇಳಿಸಿದ ಕಟ್ಟೆ ಅದು. 2023ರಲ್ಲಿ ಅಲ್ಲಿ ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ತೆರೆದಿದ್ದಾರೆ. ಇಡೀ ಕಟ್ಟಡ ಕಂಬಗಳ ಮೇಲೆ ನೆಲದಿಂದ 13 ಅಡಿ ಎತ್ತರದಲ್ಲಿದೆ. ಕೆಳಗೆ ತೆಳುವಾದ ನೀರಿನ ಕೊಳ, ಅದರ ತಳದಲ್ಲಿ ಸಾಲಾಗಿ ಮಲಗಿದ ಮನುಷ್ಯರ ಆಕಾರಗಳು, ಹಡಗಿನಲ್ಲಿ ತುಂಬಿಕೊಂಡು ತಂದ ಹಾಗೆಯೇ. ನೀರು ಏರಿದಾಗ ಅವು ಮುಳುಗುತ್ತವೆ, ಇಳಿದಾಗ ಮತ್ತೆ ಕಾಣುತ್ತವೆ. ಅಮ್ಮ ಚಪ್ಪಲಿ ಬಿಟ್ಟು ಬದಿಯಲ್ಲಿ ನಿಂತರು. ಎಷ್ಟು ಕರೆದರೂ ಬರಲಿಲ್ಲ, ಆಮೇಲೆ ನಾವೂ ಕರೆಯುವುದು ನಿಲ್ಲಿಸಿದೆವು.