ಮೋಟರ್‌ಹೋಮ್ ಫ್ರಿಜ್‌ಗೆ ಫುಲ್ ಮಾರ್ಕ್ಸ್, ಅದರ ಐಸ್ ಮೇಕರ್‌ಗೆ ಅರ್ಧ

ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೂ ಹಾಲು ಒಡೆಯದಂತೆ ಇಟ್ಟಿರುವ ಫ್ರಿಜ್ ಇದು. ಅದರ ಬಗ್ಗೆ ದೂರಿಲ್ಲ. ನಮ್ಮದು ದೊಡ್ಡ ವ್ಯಾನನ್ನು ಮೋಟರ್‌ಹೋಮ್ ಮಾಡಿಸಿದ್ದು. ಒಳಗಿರುವುದು ಮನೆಗೆ ಬಳಸುವಂಥದ್ದೇ ಡಬಲ್ ಡೋರ್ ಫ್ರಿಜ್, ಬ್ಯಾಟರಿ-ಇನ್ವರ್ಟರ್ ಮೇಲೆ ಓಡುತ್ತದೆ. ಇನ್ವರ್ಟರ್ ಮಾತ್ರ ಪ್ಯೂರ್ ಸೈನ್ ವೇವ್‌ದೇ (ಮನೆಯ ಕರೆಂಟಿನ ಹಾಗೇ ನಯವಾದ ಕರೆಂಟ್ ಕೊಡುವಂಥದ್ದು) ತಗೊಳ್ಳಿ. ಅಗ್ಗದ್ದು ಹಾಕಿದರೆ ಬೋರ್ಡು, ಮೋಟರು ತಕರಾರು ಮಾಡಬಹುದು.

ತಲೆ ತಿಂದಿದ್ದು ಐಸ್ ಮೇಕರ್, ಅಂದರೆ ಫ್ರೀಜರ್‌ನಲ್ಲಿ ತಾನೇ ನೀರು ತಗೊಂಡು ಅಚ್ಚಿನಲ್ಲಿ ಐಸ್ ಮಾಡಿ ಡಬ್ಬಿಗೆ ಹಾಕುವ ಯಂತ್ರ. ಮೊದಲ ವರ್ಷ ಚೆನ್ನಾಗಿತ್ತು. ಆಮೇಲೆ ಐಸ್ ತೆಳ್ಳಗಾಯಿತು, ನಂತರ ಅರ್ಧ ಚಂದ್ರದಷ್ಟೇ ಬರತೊಡಗಿತು, ಕೊನೆಗೆ ನಿಂತೇಹೋಯಿತು.

ಕಂಪನಿಯ ಮೆಕ್ಯಾನಿಕ್ ಬಂದವನು ಬಾಗಿಲು ತೆಗೆದು ನೋಡುವ ಮೊದಲೇ, "ಗಾಡಿಯೊಳಗ ಕೂಡ್ಸೀರಲ್ರೀ ಸರ್, ವಾರಂಟಿ ಬರಂಗಿಲ್ರಿ" ಅಂದ. ಹೀಗಾಗಿ ಉಳಿದದ್ದೆಲ್ಲ ನಾವೇ ನೋಡಿದ್ದು.

ಸುಲಭದವು ಮೊದಲು. ಐಸ್ ಡಬ್ಬಿಯ ಮೇಲಿನ ತಂತಿ ಕೈ ಎತ್ತಿದ್ದರೆ ಯಂತ್ರ 'ಡಬ್ಬಿ ತುಂಬಿದೆ' ಅಂತ ಸುಮ್ನೆ ಕೂರುತ್ತದೆ. ಅದು ಕೆಳಗಿರಬೇಕು. ಫ್ರೀಜರ್ ಮೈನಸ್ 18 ಡಿಗ್ರಿ ಹತ್ತಿರ ಇರಬೇಕು. ಗಾಡಿ ಬಹಳ ದಿನ ನಿಂತಿದ್ದರೆ, ಫ್ರಿಜ್ ಚಾಲೂ ಮಾಡಿ ಒಂದು ದಿನ ಕಾಯಿರಿ. ಅಷ್ಟು ಬೇಗ ಐಸ್ ಬರುವುದಿಲ್ಲ.

ಈ ಮೂರೂ ಸರಿಯಿದ್ದೂ ಐಸ್ ಇಲ್ಲ ಅಂದರೆ ತೊಂದರೆ ಹೆಚ್ಚಾಗಿ ನೀರಿನ ಕಡೆಯದು. ಈ ತರಹದ ಐಸ್ ಮೇಕರ್ ನೀರು ಎಷ್ಟು ಬಂತು ಅಂತ ಅಳೆಯುವುದಿಲ್ಲ. ಕೆಲವು ಸೆಕೆಂಡ್ ನೀರಿನ ವಾಲ್ವ್ ತೆರೆಯುತ್ತದೆ, ಮುಚ್ಚುತ್ತದೆ, ಅಷ್ಟೇ. ರಾತ್ರಿ ಗುರ್ ಅನ್ನುತ್ತದೆ ಅಂತ ನೀರಿನ ಪಂಪ್ ಬಂದ್ ಮಾಡಿ ಮಲಗಿದರೆ ವಾಲ್ವ್ ತೆರೆದಾಗ ನೀರೇ ಇರುವುದಿಲ್ಲ. ಯಂತ್ರಕ್ಕೆ ಅದು ಗೊತ್ತಾಗುವುದೂ ಇಲ್ಲ, ಖಾಲಿ ಅಚ್ಚನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಮೋಟರ್‌ಹೋಮ್ ಇರುವ ಎಷ್ಟೋ ಜನ ಇದನ್ನೇ 'ಐಸ್ ಮೇಕರ್ ಕೆಟ್ಟಿದೆ' ಅಂತ ತಿಳಿಯುತ್ತಾರೆ.

ಒತ್ತಡದ ವಿಷಯ ಇನ್ನೂ ಮೋಜಿನದು. ಸಾಮಾನ್ಯವಾಗಿ ಇಂಥ ವಾಲ್ವ್‌ಗೆ ಕನಿಷ್ಠ 20 ಪಿಎಸ್ಐ (ಒತ್ತಡ ಅಳೆಯುವ ಮಾನ) ಒತ್ತಡ ಬೇಕು. ಕಡಿಮೆಯಾದರೆ ನೀರು ಕಮ್ಮಿ ಬರುತ್ತದೆ ಅನ್ನುವುದು ಎಲ್ಲರಿಗೂ ಹೊಳೆಯುತ್ತದೆ. ಆದರೆ ವಾಲ್ವ್ ಬಿಗಿಯಾಗಿ ಮುಚ್ಚಲೂ ಆ ಒತ್ತಡವೇ ಬೇಕು. ಇಲ್ಲದಿದ್ದರೆ ಹನಿ ಹನಿ ಸೋರುತ್ತದೆ, ಆ ಹನಿ ಅಚ್ಚಿಗೆ ನೀರು ಬಿಡುವ ಫ್ರೀಜರ್‌ನ ನಳಿಕೆಯಲ್ಲೇ ಗಡ್ಡೆ ಕಟ್ಟುತ್ತದೆ. ನಮ್ಮ ನಳಿಕೆಯೊಳಗೆ ಟಾರ್ಚ್ ಹಾಕಿ ನೋಡಿದರೆ ಬಿಳಿ ಬತ್ತಿಯ ಹಾಗೆ ಐಸ್ ಕೂತಿತ್ತು. ಹೇರ್ ಡ್ರೈಯರ್ ಕಡಿಮೆ ಶಾಖಕ್ಕಿಟ್ಟು, ಪ್ಲಾಸ್ಟಿಕ್‌ಗೆ ತಾಗದಂತೆ ಹಿಡಿದು ಕರಗಿಸಿದೆವು. ಎರಡು ವಾರಕ್ಕೆ ಮತ್ತೆ ಅದೇ ಕಥೆ. ಮೂಲ ಕಾರಣ ಹಾಗೇ ಇತ್ತಲ್ವಾ?

ಫ್ರಿಜ್ ಪ್ಲಗ್ ತೆಗೆದು, ನೀರು ಬಂದ್ ಮಾಡಿ, ಫ್ರಿಜ್ ಹಿಂಬದಿಯ ವಾಲ್ವ್ ಬಿಚ್ಚಿದಾಗ ಒತ್ತಡ ಕಮ್ಮಿಯಾದ ಕಾರಣ ಕೈಗೆ ಸಿಕ್ಕಿತು. ನೀರು ಒಳಗೆ ಹೋಗುವ ಬಾಯಲ್ಲಿ ಉಗುರಿನಷ್ಟು ಅಗಲದ ಜಾಳಿಗೆ ಇರುತ್ತದೆ. ಅದರ ತೂತೆಲ್ಲ ಬಿಳಿ ಪೊರೆ ಕಟ್ಟಿ ಮುಚ್ಚಿಹೋಗಿದ್ದವು, ಉಗುರಿಂದ ಕೆರೆದರೆ ಸುಣ್ಣದ ಪುಡಿ ಉದುರಿತು. ನಾವು ಟ್ಯಾಂಕಿಗೆ ತುಂಬುತ್ತಿದ್ದದ್ದು ಬೋರ್‌ವೆಲ್ ನೀರು. ನಮ್ಮ ಕಡೆ ಸವಳು ನೀರು ಹೇಗಿರುತ್ತದೆ ಅಂತ ಹಂಡೆಯ ತಳ ನೋಡಿದವರಿಗೆ ಹೇಳಬೇಕಿಲ್ಲ. ಕಂಪನಿಯ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಸುಣ್ಣ ತೆಗೆಯಲು ಹುಳಿ ಬೇಕು. ನಮ್ಮ ಜಿಲ್ಲೆಯ ಇಂಡಿ ಕಡೆಯ ಲಿಂಬೆಹಣ್ಣು ಮನೆಯಲ್ಲಿ ಯಾವಾಗಲೂ ಇರುತ್ತದೆ, ಆದರೆ ರಸದ ನಾರು ಜಾಳಿಗೆಗೇ ಸಿಕ್ಕಿಕೊಳ್ಳುತ್ತದೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬೆಚ್ಚಗಿನ ನೀರಿಗೆ ಹಾಕಿ ಅದರಲ್ಲಿ ಜಾಳಿಗೆ ನೆನೆಸಿದರೆ ಸುಣ್ಣ ನೊರೆ ಬಿಟ್ಟು ಕರಗುತ್ತದೆ. ತೊಳೆದು ಹಾಕಿದ ಮೇಲೆ ಮೊದಲ ಎರಡು-ಮೂರು ಸಲದ ಐಸ್ ಚೆಲ್ಲಿಬಿಡಿ. ಈಗ ಟ್ಯಾಂಕಿಗೆ ಆರ್‌ಒ ನೀರು ಹಾಕುತ್ತೇವೆ, ಪಂಪ್ ರಾತ್ರಿಯೂ ಚಾಲೂ ಇರುತ್ತದೆ. ಐಸ್ ಮೊದಲಿನ ಹಾಗೆ ದಪ್ಪ ಬರುತ್ತಿದೆ.

ಸರಿಹೋಗದೆ ಉಳಿದದ್ದು ಒಂದೇ. ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವಾಗ ಗುಂಡಿಯೊಂದಕ್ಕೆ ಚಕ್ರ ಇಳಿದರೂ ಸಾಕು, ಅಚ್ಚಿನ ನೀರು ಡಬ್ಬಿಗೆ ಚೆಲ್ಲಿ ಐಸೆಲ್ಲ ಒಂದೇ ಬಂಡೆಯಾಗುತ್ತದೆ. ಹೊರಡುವ ಎರಡು ತಾಸು ಮುಂಚೆ ತಂತಿ ಕೈ ಎತ್ತಿಟ್ಟರೆ ಅಚ್ಚಿನಲ್ಲಿದ್ದ ನೀರು ಅಷ್ಟರಲ್ಲಿ ಗಟ್ಟಿಯಾಗಿರುತ್ತದೆ, ಹೊಸ ನೀರೂ ಬರುವುದಿಲ್ಲ. ನೆನಪಿಟ್ಟು ಮಾಡಬೇಕು, ಅದೇ ಕಿರಿಕಿರಿ. ದಿನಾ ಊರೂರು ತಿರುಗುವವರಾದರೆ ಐಸ್ ಮೇಕರ್ ಇಲ್ಲದ ಮಾಡೆಲ್ ತಗೊಂಡು ಎರಡು ಟ್ರೇ ಇಟ್ಟುಕೊಳ್ಳಿ. ಆಲಮಟ್ಟಿ, ಕೂಡಲಸಂಗಮದಂಥ ಕಡೆ ವಾರಗಟ್ಟಲೆ ಒಂದೇ ಜಾಗದಲ್ಲಿ ಗಾಡಿ ನಿಲ್ಲಿಸಿ ಇರುವವರಿಗೆ, ಸಿಹಿ ನೀರು ಸಿಗುವಂತಿದ್ದರೆ, ಇದನ್ನೇ ತಗೊಳ್ಳಿ ಅನ್ನುತ್ತೇನೆ.