ಬೆಲೆಪಟ್ಟಿ ತೆಗೆದ ಮೇಲೆ: ಮ್ಯಾಕ್‌ಮಿಲನ್ ಕಾಫಿ ಮಾರ್ನಿಂಗ್ ನಡೆಸಿದವರ ಅನುಭವ

ಸೆಪ್ಟೆಂಬರ್ ತಿಂಗಳ ಕೊನೆಯ ಶುಕ್ರವಾರ ಹತ್ತಿರವಾದಂತೆ ಬ್ರಿಟನ್ನಿನ ಕಚೇರಿ, ಶಾಲೆ, ಚರ್ಚುಗಳಲ್ಲಿ ತೋರಣ ಕಟ್ಟಿ, ಕೇಕು ಜೋಡಿಸಿ, ಕ್ಯಾನ್ಸರ್ ರೋಗಿಗಳಿಗೆ ನೆರವಾಗುವ ಮ್ಯಾಕ್‌ಮಿಲನ್ ಕ್ಯಾನ್ಸರ್ ಸಪೋರ್ಟ್ ಸಂಸ್ಥೆಗಾಗಿ ಹಣ ಕೂಡಿಸುವ ರೂಢಿಯಿದೆ. 1990ರಲ್ಲಿ ಚಿಕ್ಕದಾಗಿ ಶುರುವಾದ ಈ ‘ಕಾಫಿ ಮಾರ್ನಿಂಗ್’ ಮರುವರ್ಷ ದೇಶದಾದ್ಯಂತ ನಡೆದಾಗ ಸುಮಾರು 2,600 ಮಂದಿ ಅದನ್ನು ಏರ್ಪಡಿಸಿದ್ದರು. ರೆಡಿಂಗ್‌ನಲ್ಲಿ ನೆಲೆಸಿರುವ ನಾವು ಕೆಲವು ಕನ್ನಡ ಕುಟುಂಬದವರು ಈವರೆಗೆ ಎರಡು ಬಾರಿ ಇದನ್ನು ನಡೆಸಿದ್ದು, ನಮ್ಮಂತೆಯೇ ನಡೆಸಬಯಸುವವರಿಗೆ ಈ ವ್ಯವಸ್ಥೆ ಎಷ್ಟು ಒದಗಿಬರುತ್ತದೆ, ನಾವೇ ನೋಡಿಕೊಳ್ಳಬೇಕಾದದ್ದು ಎಷ್ಟು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ನೋಂದಾಯಿಸುವುದು ಐದು ನಿಮಿಷದ ಕೆಲಸ. ನೋಂದಾಯಿಸಿದವರಿಗೆ ಪೋಸ್ಟರು, ತೋರಣ, ಹಣದ ಡಬ್ಬಿಯಂಥ ಸಾಮಗ್ರಿಗಳ ಕಿಟ್ಟನ್ನು ಸಂಸ್ಥೆಯೇ ಉಚಿತವಾಗಿ ಅಂಚೆಯಲ್ಲಿ ಕಳುಹಿಸುತ್ತದೆ. ದಿನಾಂಕದ ಕಟ್ಟುಪಾಡೂ ಇಲ್ಲ. ಅಧಿಕೃತ ದಿನವನ್ನು ಬಿಟ್ಟು ನಮಗೆ ಅನುಕೂಲವಾದ ದಿನ ಮಾಡಬಹುದು. ನಮ್ಮವರಿಗೆ ಈ ಸಡಿಲಿಕೆ ಬಹಳ ಮುಖ್ಯ. ಏಕೆಂದರೆ ಸೆಪ್ಟೆಂಬರ್ ಕೊನೆಯ ವಾರವು ಒಂದೋ ಪಿತೃಪಕ್ಷಕ್ಕೆ, ಇಲ್ಲವೇ ನವರಾತ್ರಿಗೆ ಸಿಕ್ಕಿಕೊಳ್ಳುವುದು ಸಾಮಾನ್ಯ. 2024ರಲ್ಲಿ ಆ ಶುಕ್ರವಾರ ಪಿತೃಪಕ್ಷದಲ್ಲಿತ್ತು, 2025ರಲ್ಲಿ ನವರಾತ್ರಿಯ ನಡುವೆ ಬಂತು. ಗೊಂಬೆ ಕೂರಿಸಿದ ಮನೆಯವರನ್ನು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊರಗೆಳೆಯುವ ಸಾಹಸಕ್ಕಿಂತ ಅಕ್ಟೋಬರ್ ತಿಂಗಳ ಒಂದು ಶನಿವಾರವೇ ಲೇಸೆಂದು ನಾವು ತೀರ್ಮಾನಿಸಿದೆವು.

ಇನ್ನು ಹಣದ ಮಾತು. ಮೊದಲ ಸಲ ನಾವು ಮೇಜಿನ ಮೇಲೆ ಅಚ್ಚುಕಟ್ಟಾದ ಬೆಲೆಪಟ್ಟಿ ಇಟ್ಟಿದ್ದೆವು: ಕಾಫಿಗೆ 2 ಪೌಂಡ್, ನಾಲ್ಕು ಕೋಡುಬಳೆಗೆ 1 ಪೌಂಡ್, ಮೈಸೂರು ಪಾಕಿಗೂ 1 ಪೌಂಡ್. ಬಂದವರು ಹೋಟೆಲಿನಲ್ಲಿ ಕೊಡುವಂತೆ ಲೆಕ್ಕಕ್ಕೆ ಸರಿಯಾಗಿ ಕೊಟ್ಟರು, ಚಿಲ್ಲರೆ ಎಣಿಸಿ ವಾಪಸು ಪಡೆದರು. ಎರಡನೆಯ ಸಲ ಪಟ್ಟಿಯನ್ನು ತೆಗೆದು, ‘ಏನೂ ಹಾಕದೆಯೂ ಕಾಫಿ ಕುಡಿಯಬಹುದು’ ಎಂದು ಬರೆದು ಡಬ್ಬಿಯನ್ನು ಬಾಗಿಲ ಬಳಿ ಇಟ್ಟಾಗ ಹಣ ಹೆಚ್ಚೇ ಬಂತು. ಆ ಸಲ ಜನರೂ ಹೆಚ್ಚು ಬಂದಿದ್ದರೆಂಬುದನ್ನು ಮರೆಮಾಚುವಂತಿಲ್ಲ. ಆದರೆ ಡಬ್ಬಿಯಲ್ಲಿ ನೋಟುಗಳು ಕಂಡದ್ದು ಆಗ ಮಾತ್ರ.

ಬೆಲೆಪಟ್ಟಿಯನ್ನು ಕೈಬಿಡಲು ಇನ್ನೊಂದು ಕಾರಣವೂ ಇದೆ. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ದಾನ ಮಾಡಿ ‘ಗಿಫ್ಟ್ ಏಡ್’ ಘೋಷಣೆಗೆ ಒಪ್ಪಿದರೆ, ಪ್ರತಿ 1 ಪೌಂಡಿಗೆ 25 ಪೆನ್ಸಿನಂತೆ ಸರ್ಕಾರದಿಂದ ಸಂಸ್ಥೆಗೆ ಸೇರುತ್ತದೆ. 10 ಪೌಂಡ್ ಕೊಟ್ಟರೆ ಸಂಸ್ಥೆಗೆ ಸಿಗುವುದು 12.50. ಆದರೆ ತಿಂಡಿಗೆ ಬೆಲೆ ಕಟ್ಟಿದ ಕ್ಷಣವೇ ಆ ಹಣ ದಾನವಾಗಿ ಉಳಿಯದೆ ಖರೀದಿಯಾಗುತ್ತದೆ, ಅದಕ್ಕೆ ಗಿಫ್ಟ್ ಏಡ್ ಅನ್ವಯಿಸುವುದಿಲ್ಲ. ನಾನು ಎಡವುವುದರಲ್ಲಿದ್ದದ್ದು ಇಲ್ಲಿಯೇ. ಡಬ್ಬಿಯ ಹಣವನ್ನೆಲ್ಲ ನನ್ನ ಖಾತೆಗೆ ತುಂಬಿ, ಸಂಸ್ಥೆಗೆ ಕಾರ್ಡಿನ ಮೂಲಕ ಕಳುಹಿಸುವಾಗ, ಹಣ ಹೆಚ್ಚಲಿ ಎಂಬ ಉತ್ಸಾಹದಲ್ಲಿ ಗಿಫ್ಟ್ ಏಡ್ ಚೌಕಕ್ಕೆ ಗುರುತು ಹಾಕಿಬಿಟ್ಟಿದ್ದೆ. ಲೆಕ್ಕಪತ್ರದ ವೃತ್ತಿಯಲ್ಲಿರುವ ಭಾವ ಪಕ್ಕದಲ್ಲಿ ನಿಂತು, ‘ಇದು ನಿಮ್ಮ ದುಡ್ಡಲ್ಲವಲ್ಲ, ಊರವರದು, ನಿಮ್ಮ ಹೆಸರಲ್ಲಿ ಘೋಷಣೆ ಕೊಡುವ ಹಾಗಿಲ್ಲ’ ಎಂದು ಎಚ್ಚರಿಸಿದ್ದರಿಂದ ಅದನ್ನು ಅಳಿಸಿದೆ. ಹೀಗಾಗಿ ಹಣ ಸಂಗ್ರಹದ ಆನ್‌ಲೈನ್ ಪುಟವನ್ನು ಮೊದಲೇ ತೆರೆದು, ಕ್ಯೂಆರ್ ಕೋಡನ್ನು ಮುದ್ರಿಸಿ ಮೇಜಿನ ಮೇಲಿಟ್ಟು, ದಾನಿಗಳು ತಾವೇ ಕೊಟ್ಟು ತಾವೇ ಘೋಷಿಸುವಂತೆ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ಕಿಟ್ಟಿನ ತೋರಣಕ್ಕಿಂತ ನಮಗೆ ಉಪಯೋಗಕ್ಕೆ ಬಂದದ್ದು ಆ ಪುಟವೇ.

ಅಡುಗೆಮನೆಯ ವಿಷಯದಲ್ಲಿ ಕನ್ನಡಿಗರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಇಲ್ಲಿನ ಆಹಾರ ನಿಯಮಗಳು 14 ಅಲರ್ಜಿಕಾರಕಗಳನ್ನು ಗುರುತಿಸಿದ್ದು, ಅಪರೂಪಕ್ಕೊಮ್ಮೆ ನಡೆಯುವ ಇಂಥ ಧರ್ಮಾರ್ಥ ಕೂಟಗಳಲ್ಲಿಯೂ ಅವುಗಳ ವಿವರವನ್ನು ಬಂದವರಿಗೆ ತಿಳಿಸುವುದು ಒಳ್ಳೆಯ ಪದ್ಧತಿ. ಹಾಲು, ಗೋಧಿ, ಗೋಡಂಬಿ, ಕಡಲೆಕಾಯಿ ಯಾರಿಗಾದರೂ ಹೊಳೆಯುತ್ತವೆ. ಆದರೆ ಆ ಪಟ್ಟಿಯಲ್ಲಿ ಎಳ್ಳೂ ಇದೆ, ಸಾಸಿವೆಯೂ ಇದೆ. ಎಂದರೆ ನಮ್ಮ ಚಕ್ಕುಲಿಯಿಂದ ಒಗ್ಗರಣೆಯವರೆಗೆ ಯಾವುದೂ ಅದರಿಂದ ಹೊರಗುಳಿಯುವುದಿಲ್ಲ. ಅಂಗಡಿಯ ಹಿಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುವುದರಿಂದ, ಬರೀ ಅಕ್ಕಿ ಹಿಟ್ಟಿನ ಕೋಡುಬಳೆಯನ್ನೂ ಕಣ್ಣು ಮುಚ್ಚಿಕೊಂಡು ‘ಗೋಧಿಯಿಲ್ಲದ್ದು’ ಎನ್ನುವ ಹಾಗಿಲ್ಲ. ಪ್ರತಿ ತಟ್ಟೆಯ ಮುಂದೆ ಒಂದು ಚೀಟಿ ಇಟ್ಟು, ಮಾಡಿ ತಂದವರಿಂದಲೇ ಅದನ್ನು ಬರೆಸಿದೆವು.

ಕಾಫಿಗೆ ಬಂದರೆ, ಇಂಗ್ಲಿಷರ ಕಾಫಿ ಮಾರ್ನಿಂಗ್‌ನಲ್ಲಿ ಸಾಧಾರಣವಾಗಿ ಕೇಕಿಗೇ ಪಟ್ಟ, ಕಾಫಿ ನೆಪಮಾತ್ರ. ಹೆಸರಿಗಾದರೂ ನ್ಯಾಯ ಸಲ್ಲಲೆಂದು ನಾವು ಫಿಲ್ಟರ್ ಕಾಫಿ ಮಾಡಿದೆವು. ನಲವತ್ತು ಚಿಕ್ಕ ಲೋಟಗಳಿಗೆ ಸುಮಾರು 300 ಗ್ರಾಂ ಚಿಕೋರಿ ಬೆರೆತ ಪುಡಿ, ನಾಲ್ಕು ಪಿಂಟಿನ (ಸುಮಾರು ಎರಡೂಕಾಲು ಲೀಟರಿನ) ಎರಡು ಕ್ಯಾನು ಹಾಲು ಸಾಕಾಯಿತು. ಡಿಕಾಕ್ಷನ್ ಹಿಂದಿನ ರಾತ್ರಿಯೇ ಇಳಿಸಬೇಕು. ಬೆಳಿಗ್ಗೆ ಫಿಲ್ಟರಿನ ತಲೆ ತಟ್ಟುತ್ತ ನಿಂತರೆ ಆಗುವ ಕೆಲಸವಲ್ಲ. ನಾವು ಬಾಡಿಗೆಗೆ ಪಡೆದ ಸಭಾಂಗಣದಲ್ಲಿ ನೀರು ಕಾಯಿಸುವ ಯಂತ್ರವಿತ್ತೇ ಹೊರತು ಒಲೆಯಿರಲಿಲ್ಲ. ವಿಚಾರಿಸದೆ ಹೋದದ್ದು ನಮ್ಮದೇ ತಪ್ಪು, ಮೊದಲ ಸಲ ಹಾಲನ್ನು ಮೈಕ್ರೋವೇವಿನಲ್ಲಿ ಜಗ್ಗು ಜಗ್ಗಾಗಿ ಕಾಯಿಸಿದೆವು.

ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆಂದು ಕೇಳುವವರು ಇದ್ದೇ ಇರುತ್ತಾರೆ, ಕೇಳಬೇಕು ಕೂಡ. ತಂದೆ ಕ್ಯಾನ್ಸರಿನಿಂದ ತೀರಿಕೊಂಡದ್ದನ್ನು ಕಂಡ ಡಗ್ಲಾಸ್ ಮ್ಯಾಕ್‌ಮಿಲನ್ 1911ರಲ್ಲಿ ಹುಟ್ಟುಹಾಕಿದ ಈ ಸಂಸ್ಥೆ, ರೋಗಿಗಳಿಗೂ ಮನೆಯವರಿಗೂ ಉಚಿತ ದೂರವಾಣಿ ಸಲಹೆ, ಸರ್ಕಾರಿ ಭತ್ಯೆಗಳ ಬಗ್ಗೆ ಮಾರ್ಗದರ್ಶನ ನೀಡುತ್ತದೆ. ಮ್ಯಾಕ್‌ಮಿಲನ್ ನರ್ಸ್ ಎಂಬ ಹೆಸರಿನಲ್ಲಿ ಕೆಲಸ ಮಾಡುವವರಲ್ಲಿ ಬಹುಪಾಲು ಮಂದಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ನೌಕರರು. ಸಾಮಾನ್ಯವಾಗಿ ಆರಂಭದ ಕೆಲವು ವರ್ಷ ಆ ಹುದ್ದೆಯ ವೆಚ್ಚವನ್ನು ಸಂಸ್ಥೆ ಭರಿಸುತ್ತದೆ. ಇದನ್ನು ದಾನಿಗಳಿಗೆ ಮುಚ್ಚುಮರೆಯಿಲ್ಲದೆ ಹೇಳಿದೆವು. ದೂರವಾಣಿ ಸೇವೆಯಲ್ಲಿ ದುಭಾಷಿಗಳ ನೆರವನ್ನು ಕೇಳಿ ಪಡೆಯಬಹುದು ಎಂಬ ಮಾಹಿತಿ, ಮಗನ ಮನೆಗೆ ಬಂದು ನಿಂತ ಹಿರಿಯರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿತ್ತು.

ನಮ್ಮ ಲೆಕ್ಕ ತಪ್ಪಿದ್ದು ಸಮಯದಲ್ಲಿ. ಸಭಾಂಗಣವನ್ನು ಎರಡು ಗಂಟೆಗೆ ಮಾತ್ರ ಹಿಡಿದಿದ್ದೆವು. ಮೊದಲ ಒಂದು ಗಂಟೆ ಮಕ್ಕಳ ಶಾಲೆ, ಮನೆ ಬಾಡಿಗೆ, ಊರಿನ ಮಳೆಯ ಮಾತಿನಲ್ಲೇ ಕಳೆಯಿತು. ‘ಆ ಕಾಯಿಲೆ’ ಎಂದಷ್ಟೇ ಹೇಳಿ ನಿಲ್ಲಿಸುತ್ತಿದ್ದ ಹಾಸನದ ಕಡೆಯ ಹಿರಿಯರೊಬ್ಬರು ತಮ್ಮ ಹೆಂಡತಿಯ ಚಿಕಿತ್ಸೆಯ ಮಾತನ್ನು ಬಿಚ್ಚಿ ಹೇಳತೊಡಗಿದ್ದು ಎರಡನೆಯ ಲೋಟ ಮುಗಿದ ಮೇಲೆ. ಅಷ್ಟರಲ್ಲಿ ಬೀಗದ ಕೈ ಹಿಡಿದು ಮುಂದಿನ ತಂಡದವರು ಬಾಗಿಲಲ್ಲಿ ನಿಂತಿದ್ದರು. ಉಳಿದ ಮಾತು ಕಾರು ನಿಲ್ಲಿಸುವ ಜಾಗದಲ್ಲಿ, ತುಂತುರು ಮಳೆಯಲ್ಲಿ ನಡೆಯಿತು. ಮುಂದಿನ ಸಲಕ್ಕೆ ನಾಲ್ಕು ಗಂಟೆಯ ಬಾಡಿಗೆ ಕಟ್ಟಿದ್ದೇವೆ, ಮೂರನೆಯ ಫಿಲ್ಟರನ್ನೂ ಕೇಳಿ ಇಟ್ಟಿದ್ದೇವೆ.